ಉದುರಿದ್ದು, ತೇಲಿದ್ದು, ಒಡಕಲು

ಹೋದ ವರ್ಷ ಮೇ ತಿಂಗಳಲ್ಲಿ ಠಾಣೆಯಲ್ಲಿ ಒಂದು ಮದುವೆ ಇತ್ತು, ಅದಕ್ಕೆ ಅಂತ ಊರಿಂದ ಬಂದ ನಮ್ಮ ಸೋದರಮಾವ ಎರಡು ದಿನ ಮುಂಬೈ ಮುಲುಂಡಲ್ಲಿ ನಮ್ಮನೇಲೇ ಉಳ್ಕೊಂಡಿದ್ರು. ಕೊಪ್ಪದ ಹತ್ರ ಅವರದ್ದು ಅಡಿಕೆ ತೋಟ, ಅಡಿಕೆ ಮಧ್ಯೆ ರೊಬಸ್ಟಾ, ಮೇಲೆ ಗುಡ್ಡದ ಕಡೆ ಸ್ವಲ್ಪ ಅರಾಬಿಕಾ. ಕಾಫಿ ಬೆಳೆಯೋ ಮನುಷ್ಯ ಮನೆಗೆ ಬಂದಾಗ ದಿನಾ ಕುಡಿಯೋ ಪುಡೀನೇ ಹಾಕಿ ಕೊಟ್ರೆ ಏನು ಚಂದ ಅಂತ ನಾನು 250 ಗ್ರಾಮಿಗೆ 600 ಚಿಲ್ಲರೆ ಕೊಟ್ಟು ಆನ್‌ಲೈನಲ್ಲಿ ಒಂದೇ ಎಸ್ಟೇಟಿನ ಅರಾಬಿಕಾ ತರಿಸಿಟ್ಟಿದ್ದೆ. ಲೈಟ್ ರೋಸ್ಟ್. ಪ್ಯಾಕೆಟ್ ಮೇಲೆ ಕಿತ್ತಳೆ, ಜೇನು, ಮಲ್ಲಿಗೆ ಅಂತೆಲ್ಲಾ ಬರೆದಿತ್ತು, ಪೂಜೆ ಸಾಮಾನಿನ ಪಟ್ಟಿ ಥರ. ಅಮ್ಮನ ಹಿತ್ತಾಳೆ ಫಿಲ್ಟರಿಗೆ ಧಾರಾಳವಾಗಿ ಪುಡಿ ಹಾಕಿ, ಡಿಕಾಕ್ಷನ್ ಇಳಿಸಿ, ಎಮ್ಮೆ ಹಾಲು ಉಕ್ಕಿಸಿ, ನೊರೆ ಬರೋ ಹಾಗೆ ಎತ್ತಿ ಹೊಯ್ದು ಕೊಟ್ಟೆ. ಮಾವ ಒಂದು ಗುಟುಕು ಕುಡಿದ್ರು. ಲೋಟದ ಒಳಗೆ ಬಗ್ಗಿ ನೋಡಿದ್ರು. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದ್ರು, "ಅಲ್ಲ ಮಾರಾಯ್ತಿ, ಈ ಲೋಟದಲ್ಲಿ ನಿನ್ನೆ ಯಾರಾದ್ರೂ ಮಜ್ಜಿಗೆ ಕುಡಿದಿದ್ರನಾ?"

ಅಮ್ಮ ಒಳಗೆ ಅಡುಗೆಮನೇಲಿ ನಗ್ತಾ ಇದ್ಲು, ನನಗೆ ಕೇಳಿಸ್ತು.

ತಪ್ಪು ಪುಡೀದಲ್ಲ, ಅದು ಆಮೇಲೆ ಗೊತ್ತಾಯ್ತು. ಹಗುರಾಗಿ ಹುರಿದ ಅರಾಬಿಕಾದಲ್ಲಿ ಹಣ್ಣಿನ ಹುಳಿ ಹಾಗೇ ಉಳಿದಿರತ್ತೆ, ನಿಂಬೆಲಿರೋ ಸಿಟ್ರಿಕ್, ಸೇಬಲ್ಲಿರೋ ಮ್ಯಾಲಿಕ್, ಅಂಥ ಆಮ್ಲಗಳು. ಹಾಲು ಹಾಕದೆ ಕುಡಿದ್ರೆ ಅದೇ ಅದರ ಸೊಗಸು, ದುಡ್ಡು ಕೊಡೋದೇ ಅದಕ್ಕೆ. ಗಟ್ಟಿ ಡಿಕಾಕ್ಷನ್ ಮಾಡಿ ಹಾಲಿಗೆ ಸುರಿದ್ರೆ ಮಾತ್ರ ನಾಲಿಗೆ ಅದನ್ನ ಕೆಟ್ಟ ಹಾಲು ಅಂತಲೇ ಓದ್ಕೊಳ್ಳತ್ತೆ. ಮಾವ ಹೇಳಿದ್ದು ಸರೀನೇ ಇತ್ತು. ಆದ್ರೆ ಅವತ್ತು ನನಗೆ ಬೇಜಾರಾಗಿದ್ದು ಬೇರೆ ಕಾರಣಕ್ಕೆ, ಯಾಕಂದ್ರೆ ಈ ಮುಂಬೈಲಿ ಇಪ್ಪತ್ತು ವರ್ಷದಿಂದ ನಾನು ಹುಡುಕ್ತಾ ಇದ್ದಿದ್ದು ಅವರ ಮನೆ ಕಾಫಿ ರುಚೀನೇ, ಅಂದ್ರೆ ನಮ್ಮ ಅಜ್ಜಿಮನೆ ಕಾಫಿ, ಅದು ನನ್ನ ಕೈಗೆ ಒಂದು ದಿನಾನೂ ಸಿಕ್ಕಿರಲಿಲ್ಲ.

ಅಜ್ಜಿ ಇದ್ದಾಗ ವರ್ಷಕ್ಕೆರಡು ಸಲ ಪುಡಿ ಬರ್ತಿತ್ತು. ಊರಿಂದ ಯಾರಾದ್ರೂ ಬರೋರು ಇದ್ರೆ ಅವರ ಕೈಲಿ, ಹಳೇ ಬಿಸ್ಕೆಟ್ ಡಬ್ಬದಲ್ಲಿ, ಮುಚ್ಚಳದ ಸುತ್ತ ಬಟ್ಟೆ ಕಟ್ಟಿ. ಕೊಂಕಣ ರೈಲ್ವೆ ಪೂರ್ತಿ ಶುರುವಾಗಿದ್ದು 1998ರಲ್ಲಿ, ಅದಕ್ಕೂ ಮುಂಚೆ ಆ ಡಬ್ಬ ಬಸ್ಸಲ್ಲೇ ಘಾಟಿ ಇಳಿದು ಒಂದು ಹಗಲು ಒಂದು ರಾತ್ರಿ ಕುಲುಕಾಡ್ಕೊಂಡು ಬರ್ತಿತ್ತು. ಡಬ್ಬ ಬಿಚ್ಚಿದ ದಿನ ಚಾಳಿನ ಆ ತುದಿವರೆಗೂ ವಾಸನೆ. ಪಕ್ಕದ್ಮನೆ ಮರಾಠಿ ಕಾಕು ಬಂದು ಕೇಳ್ತಿದ್ರು, ಏನು ಸುಟ್ಟೋಯ್ತು ಅಂತ. ಡಬ್ಬ ಖಾಲಿಯಾದ್ಮೇಲೆ ಅಪ್ಪ ಮಾಟುಂಗಕ್ಕೆ ಹೋಗಿ ತರೋರು.

ಮಾಟುಂಗದ ಪುಡಿ ಅಂಗಡಿ ಅಂದ್ರೆ ನನಗೆ ಇವತ್ತಿಗೂ ಇಷ್ಟಾನೇ. ಸ್ಟೇಷನ್ ಪೂರ್ವಕ್ಕೆ ಇಳಿದ್ರೆ ಹೂವಿನ ಸಾಲು, ಬಾಳೆಲೆ, ನುಗ್ಗೆಕಾಯಿ, ಆಮೇಲೆ ಇದ್ದಕ್ಕಿದ್ದ ಹಾಗೆ ಬಿಸಿ ಪುಡಿ ವಾಸನೆ, ಬೋರ್ಡ್ ನೋಡೋದೇ ಬೇಡ, ವಾಸನೆ ಹಿಡ್ಕೊಂಡೇ ಅಂಗಡಿ ಸೇರ್ಬಹುದು. ಅಲ್ಲಿ ಕೇಳೋ ಪ್ರಶ್ನೆ ಎರಡೇ: ಬೀಜ ಯಾವುದು, ಚಿಕೋರಿ ಎಷ್ಟು. ಪೀಬೆರಿನಾ, ಪ್ಲಾಂಟೇಶನ್ ಎ (ತೊಳೆದ ಅರಾಬಿಕಾದ ದೊಡ್ಡ ಬೀಜ) ನಾ, ರೊಬಸ್ಟಾ ಎಷ್ಟು ಸೇರಿಸ್ಲಿ, ಚಿಕೋರಿ ಇಪ್ಪತ್ತಾ ಮೂವತ್ತಾ. (ಅಂದಹಾಗೆ ದೇಶದ ಮೊದಲ ಇಂಡಿಯಾ ಕಾಫಿ ಹೌಸ್ ಶುರುವಾಗಿದ್ದು ಈ ಮುಂಬೈಲೇ, ಚರ್ಚ್‌ಗೇಟಲ್ಲಿ, 1936ರಲ್ಲಿ. ಚಹಾ ಊರು ಅಂತ ಇದನ್ನ ಬೈಯೋರಿಗೆ ನಾನು ಇದನ್ನ ಹೇಳ್ತಾ ಇರ್ತೀನಿ, ಯಾರೂ ಕಿವಿಗೆ ಹಾಕ್ಕೊಳಲ್ಲ.) ಪೀಬೆರಿ ಅಂದ್ರೆ ಒಂದು ಹಣ್ಣಲ್ಲಿ ಎರಡು ಬೀಜ ಇರೋ ಬದಲು ಒಂದೇ ಬೆಳೆದು ಗುಂಡಾಗಿರೋದು, ಗುಂಡಗಿರೋದ್ರಿಂದ ಹುರಿಯೋವಾಗ ಎಲ್ಲ ಕಡೆ ಸಮ ಉರುಳತ್ತೆ, ರುಚಿ ಬೇರೆ ಅಂತಾರೆ, ನನಗಂತೂ ಕಣ್ಣು ಮುಚ್ಚಿ ಕುಡಿದ್ರೆ ವ್ಯತ್ಯಾಸ ಗೊತ್ತಾಗಿಲ್ಲ. ಚಿಕೋರಿ ಗಿಡದ ಬೇರು, ನಮ್ಮಲ್ಲಿ ಗುಜರಾತಲ್ಲಿ ಜಾಸ್ತಿ ಬೆಳೀತಾರೆ. ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ, ಆದ್ರೆ ಹುರಿದ್ರೆ ಒಳಗಿನ ಇನುಲಿನ್ ಅನ್ನೋ ಪದಾರ್ಥ ಸಕ್ಕರೆ ಪಾಕ ಹತ್ತಿದ ಹಾಗೆ ಕಂದಾಗತ್ತೆ, ನೀರಲ್ಲಿ ಕಾಫಿಗಿಂತ ಜಾಸ್ತಿ ಕರಗತ್ತೆ. ಡಿಕಾಕ್ಷನ್ ಎಣ್ಣೆ ಥರ ಮಂದವಾಗಿ ಬೀಳೋದು, ಬಣ್ಣ ಕಟ್ಟೋದು ಅದರಿಂದ. ಕಾನೂನು ಪ್ರಕಾರ ಮಿಶ್ರಣದಲ್ಲಿ ಕಾಫಿ ಕಮ್ಮಿ ಅಂದ್ರೂ 51 ಪರ್ಸೆಂಟ್ ಇರ್ಬೇಕು. ಅಂದ್ರೆ ಅರ್ಧಕ್ಕರ್ಧ ಬೇರು ಕುಡಿದು ಕಾಫಿ ಕುಡಿದೆ ಅಂತ ಹೇಳ್ಬಹುದು, ಸರ್ಕಾರದ ಅಡ್ಡಿ ಇಲ್ಲ.

ಮಜ್ಜಿಗೆ ಪ್ರಸಂಗ ಆದ್ಮೇಲೆ ನಾನು ಹಟಕ್ಕೆ ಬಿದ್ದೆ. ಒಂದೊಂದೇ ಬದಲಾಯಿಸಿ ನೋಡೋದು, ಉಳಿದಿದ್ದೆಲ್ಲ ಹಾಗೇ ಇಡೋದು. ಮೊದಲು ಬೈದಿದ್ದು ನೀರನ್ನ. ನಮ್ಮ ಬಿಲ್ಡಿಂಗಿಗೆ ಬಿಎಂಸಿ (ಮುಂಬೈ ಪಾಲಿಕೆ) ನೀರು, ಅಂದ್ರೆ ತಾನ್ಸಾ, ಭಾತ್ಸಾ, ವೈತರಣಾ ಆ ಕಡೆಯ ಜಲಾಶಯಗಳ ಮಳೆನೀರು. ಮೆದು ನೀರು, ಬೇಳೆ ಬೇಗ ಬೇಯತ್ತೆ, ಸೋಪು ಚೆನ್ನಾಗಿ ನೊರೆ ಬರತ್ತೆ. ಅಷ್ಟು ಒಳ್ಳೇ ನೀರಿಗೆ ನಾವು ಬುದ್ಧಿವಂತರು ಆರ್‌ಓ ಮಷೀನ್ ಹಾಕಿಸ್ಕೊಂಡಿದೀವಿ, ಬಿಲ್ಡಿಂಗಲ್ಲಿ ಎಲ್ರೂ ಹಾಕಿಸ್ಕೊಂಡ್ರು ಅಂತ. ನೀರಲ್ಲಿ ಕರಗಿರೋ ಲವಣ ಎಷ್ಟು ಅಂತ ಅಳೆಯೋ ಟಿಡಿಎಸ್ ಮೀಟರ್ ತಂದು ಅದ್ದಿದ್ರೆ ಆರ್‌ಓ ನೀರಲ್ಲಿ 18, ನಲ್ಲಿ ನೀರಲ್ಲಿ 70ರ ಆಸುಪಾಸು. ಕಾಫಿ ರುಚಿ ನೋಡೋ ವೃತ್ತಿಯೋರು ಇಟ್ಕೊಂಡಿರೋ ಗುರಿ 150. ಕಾಫಿ ಪುಡಿಯಿಂದ ರುಚಿ ಎಳ್ಕೊಂಡು ಬರೋಕೆ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಶಿಯಂ ಸ್ವಲ್ಪ ಇರ್ಬೇಕು, ಹುಳೀನ ಸಮ ಮಾಡೋಕೆ ಬೈಕಾರ್ಬನೇಟ್ ಸ್ವಲ್ಪ ಇರ್ಬೇಕು. ಏನೂ ಇಲ್ಲದ ನೀರಲ್ಲಿ ಹುಳಿ ಎದ್ದು ನಿಲ್ಲತ್ತೆ, ಮೈ ಇರಲ್ಲ. ಬೋರ್‌ವೆಲ್ಲಿನ ಗಡಸು ನೀರಲ್ಲಿ ಉಲ್ಟಾ, ಹುಳಿ ಎಲ್ಲ ಸತ್ತು ಕಾಫಿ ಚಪ್ಪೆ. ಬೆಂಗಳೂರಲ್ಲಿ ನನ್ನ ಓರಗಿತ್ತಿ ಮನೇಲಿ ಅದೇ ಪುಡಿ ಬೇರೆ ಥರ ಯಾಕೆ ಅನ್ನೋದಕ್ಕೆ ಉತ್ತರ ಅವತ್ತು ಸಿಕ್ತು. ನಲ್ಲಿ ನೀರು ಕುದಿಸಿ ಹಾಕೋಕೆ ಶುರು ಮಾಡ್ದೆ, ತಕ್ಷಣ ಒಂದು ಮೆಟ್ಟಲು ಮೇಲೆ ಹೋಯ್ತು. ನೀರು ಕುದಿ ಬಂದ್ಮೇಲೆ ಒಂದರ್ಧ ನಿಮಿಷ ಬಿಟ್ಟು ಹೊಯ್ಯಬೇಕು, 92ರಿಂದ 96 ಡಿಗ್ರಿ ಇದ್ರೆ ಸಾಕು.

ಹಾಲು ಎರಡನೇ ಆರೋಪಿ. ಮುಂಬೈ ಅಂದ್ರೆ ತಬೇಲಾ, ತಬೇಲಾ ಅಂದ್ರೆ ಎಮ್ಮೆ. ಎಮ್ಮೆ ಹಾಲಲ್ಲಿ ಕೊಬ್ಬು 6-7 ಪರ್ಸೆಂಟ್, ಹಸುವಿನದ್ದು 4ರ ಹತ್ರ. ಕಾಫಿಯ ಪರಿಮಳದ ಎಷ್ಟೋ ಅಂಶ ಕೊಬ್ಬಲ್ಲಿ ಕರಗಿ ಅಲ್ಲೇ ಕೂತ್ಬಿಡತ್ತೆ, ಮೂಗಿಗೆ ಬರೋದೇ ಇಲ್ಲ, ಜೊತೆಗೆ ಹಾಲಿನ ಪ್ರೋಟೀನು ಕಾಫಿಯ ಒಗರನ್ನ ಹಿಡ್ಕೊಂಡು ಮೆತ್ತಗೆ ಮಾಡತ್ತೆ. ಅದಕ್ಕೇ ಎಮ್ಮೆ ಹಾಲಿಗೆ ನಾಜೂಕು ಕಾಫಿ ಹಾಕ್ಬಾರ್ದು, ಹಾಕಿದ್ರೆ ಬಿಸಿ ಹಾಲು ಕುಡಿದ ಹಾಗೇ. ರೊಬಸ್ಟಾ ಬೇಕು, ಚಿಕೋರಿ ಬೇಕು, ಜಗಳಕ್ಕೆ ನಿಲ್ಲೋ ಡಿಕಾಕ್ಷನ್ ಬೇಕು. ರೊಬಸ್ಟಾದಲ್ಲಿ ಕೆಫೀನ್ ಅರಾಬಿಕಾದ ಹತ್ರಹತ್ರ ಎರಡರಷ್ಟು, ಸಕ್ಕರೆ ಕಮ್ಮಿ, ಕಹಿ ಜಾಸ್ತಿ, ಮಂದ ಜಾಸ್ತಿ. ಪೇಟೆ ಕಾಫಿ ಪಂಡಿತರು ಅದನ್ನ ಕೀಳು ಜಾತಿ ಥರ ನೋಡ್ತಾರೆ, ನನಗೆ ಆ ಮೂಗು ಮುರಿಯೋದು ಇಷ್ಟ ಆಗಲ್ಲ, ಹಾಲಿಗೆ ಅದೇ ಸರಿ. ಮತ್ತೆ ಒಂದ್ಸಲ ಕಾಯಿಸಿದ ಹಾಲನ್ನೇ ದಿನಕ್ಕೆ ನಾಲ್ಕು ಸಲ ಉಕ್ಕಿಸಿದ್ರೆ ಒಂದು ಬೆಂದ ವಾಸನೆ ಬರತ್ತೆ, ಅದು ಯಾವ ಪುಡಿ ಹಾಕಿದ್ರೂ ಮುಚ್ಚಲ್ಲ. ಹಸು ಹಾಲು ತಂದೆ. ಇನ್ನೊಂದು ಮೆಟ್ಟಲು.

ಆಮೇಲೆ ಮಳೆಗಾಲ ಬಂತು, ಎರಡು ಮೆಟ್ಟಲು ಕೆಳಗೆ ಬಂದೆ.

ಮುಂಬೈ ಜುಲೈ ಗೊತ್ತಿರೋರಿಗೆ ಹೇಳ್ಬೇಕಾಗಿಲ್ಲ. ಉಪ್ಪು ನೀರಾಗತ್ತೆ, ಹಪ್ಪಳ ಮೆತ್ತಗಾಗತ್ತೆ, ಬೀರಿನಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯತ್ತೆ. ಕಾಫಿ ಹುರಿದ ತಕ್ಷಣ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿರತ್ತೆ, ಅದು ನಿಧಾನಕ್ಕೆ ಹೊರಗೆ ಬರ್ತಾ ಇರೋವರೆಗೂ ಪರಿಮಳಕ್ಕೆ ಒಂದು ಕಾವಲು. ಪುಡಿ ಮಾಡಿದ್ರೆ ಬಾಗಿಲು ತೆಗೆದಿಟ್ಟ ಹಾಗೆ. ನಾವು 'ಕಾಫಿ ವಾಸನೆ' ಅಂತ ಗುರುತು ಹಿಡಿಯೋದರಲ್ಲಿ ದೊಡ್ಡ ಪಾಲು ಫರ್ಫ್ಯೂರಿಲ್ ಥಯಾಲ್ ಅಂತ ಒಂದು ಗಂಧಕದ ಸಂಯುಕ್ತದ್ದು, ಹೆಸರು ಔಷಧಿ ಥರ ಇದೆ, ಕೆಲಸ ಮಾತ್ರ ಅತ್ತರಿನದ್ದು, ಬೆಳಿಗ್ಗೆ ಎದ್ದ ತಕ್ಷಣ ನಮ್ಮನ್ನ ಮನುಷ್ಯರನ್ನಾಗಿ ಮಾಡೋದು ಅದೇ. ಗಾಳಿ ಸೋಕಿದ್ರೆ ಬೇಗ ಮಾಯ. ಅರ್ಧ ಕೇಜಿ ಪುಡಿ ತಂದು ಡಬ್ಬದಲ್ಲಿ ಚಮಚ ಅದ್ದಿ ಅದ್ದಿ ತೆಗೀತಾ ಇದ್ದೆ, ಹತ್ತು ದಿನಕ್ಕೆ ಪುಡಿ ಗಂಟು ಗಂಟಾಗಿ ರಟ್ಟಿನ ರುಚಿ. ಅಮ್ಮ ಮಾತ್ರ ತಣ್ಣಗೆ ಹೇಳಿದ್ಲು, "ನೂರು ಗ್ರಾಂ ತಗೊಂಡು ಬಾ ಅಂತ ಎಷ್ಟು ಸಲ ಹೇಳಿದೀನಿ, ಮಾಟುಂಗ ಏನು ಅಮೆರಿಕಾದಲ್ಲಿದ್ಯಾ?"

ಹೀಗೆ ನೀರು ಸರಿಯಾಯ್ತು, ಹಾಲು ಸರಿಯಾಯ್ತು, ಪುಡಿ ತಾಜಾ ಆಯ್ತು, ಕೈಲಿ ತಿರುಗಿಸೋ ಗ್ರೈಂಡರ್ ಕೂಡ ಬಂತು. ಚೆನ್ನಾಗಿರೋ ಕಾಫಿ ಆಯ್ತು, ಸುಳ್ಳು ಹೇಳಲ್ಲ. ಇವರು ಎರಡನೇ ಲೋಟ ಕೇಳೋಕೆ ಶುರು ಮಾಡಿದ್ರು. ಆದ್ರೆ ಅಜ್ಜಿಮನೆ ಕಾಫಿ ಅಲ್ಲ. ಏನೋ ಒಂದು ಇರ್ಲಿಲ್ಲ, ಅಥವಾ ಏನೋ ಒಂದು ಜಾಸ್ತಿ ಸ್ವಚ್ಛ ಇತ್ತು.

ಡಿಸೆಂಬರಲ್ಲಿ ರಜೆ ಹಾಕಿ ಅಮ್ಮನ್ನ ಕರ್ಕೊಂಡು ಹೊರಟೆ. ಠಾಣೆಲಿ ಮತ್ಸ್ಯಗಂಧ ರೈಲು ಹತ್ತಿ, ಉಡುಪೀಲಿ ಇಳಿದು, ಆಗುಂಬೆ ಘಾಟಿ ಹತ್ತಿ ಕೊಪ್ಪ. ಸೂಫಿ ಸಂತ ಬಾಬಾಬುಡನ್ ಅರೇಬಿಯಾದಿಂದ ಏಳು ಕಾಫಿ ಬೀಜ ತಂದ ಕತೆ ಇಲ್ಲಿ ಹೇಳಲ್ಲ, ಎಲ್ರಿಗೂ ಬಾಯಿಪಾಠ. ನನಗೆ ಹೇಳ್ಬೇಕಾಗಿರೋದು ಮಾವನ ತೋಟದ ಮೂರು ದಿನದ್ದು.

ಅರಾಬಿಕಾ ಕೊಯ್ಲು ನಡೀತಾ ಇತ್ತು. ಮಾವನ ಗಿಡಗಳು ಹೆಚ್ಚಿನವು ಎಸ್ 795, ಹತ್ರದ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿ 1940ರ ದಶಕದಲ್ಲಿ ಬೆಳೆಗಾರರ ಕೈಗೆ ಬಂದ ತಳಿ. ಎಲೆ ತುಕ್ಕು ರೋಗ ತಡೀಲಿ ಅಂತ ಮಾಡಿದ್ದು. 1869ರಿಂದ ಆಚೆಗೆ ಸಿಲೋನಿನ ಕಾಫಿ ತೋಟಗಳನ್ನೆಲ್ಲ ನುಂಗಿ ಅಲ್ಲಿಯೋರನ್ನ ಚಹಾಕ್ಕೆ ತಿರುಗಿಸಿದ್ದು ಇದೇ ರೋಗ. ಈಗ ಈ ತಳಿಗೂ ಅದು ಬರತ್ತೆ, ಆದ್ರೂ ಮಾವ ಕಿತ್ತಿಲ್ಲ. "ರುಚಿ ಉಂಟು ಮಾರಾಯ್ತಿ ಇದ್ರಲ್ಲಿ" ಅಂತಾರೆ. ಹಣ್ಣೊಂದನ್ನ ಕಿತ್ತು ಬಾಯಿಗೆ ಹಾಕಿದೆ, ತೆಳು ಸಿಹಿ, ಹಲಸಿನ ಹಣ್ಣು ತಿಂದ ಕೈ ನೆಕ್ಕಿದ ಹಾಗೆ. ಆ ಸಿಹಿ ತುಂಬೋಕೆ ಎಂಟೊಂಬತ್ತು ತಿಂಗಳು ಬೇಕು. ಮಾರ್ಚ್ ಹೊತ್ತಿಗೆ ಒಂದು ಹೂ ಮಳೆ ಬಿದ್ರೆ ಎಂಟ್ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗೆ, ಮಲ್ಲಿಗೆ ಪರಿಮಳ, ಅಲ್ಲಿಂದ ಲೆಕ್ಕ. ಎತ್ತರ ಜಾಸ್ತಿ ಇದ್ದಷ್ಟೂ ತಂಪು, ತಂಪಿದ್ದಷ್ಟೂ ಹಣ್ಣು ನಿಧಾನ, ನಿಧಾನ ಆದಷ್ಟೂ ಬೀಜ ಗಟ್ಟಿ, ಸಕ್ಕರೆ ಜಾಸ್ತಿ. ಬಿಸಿಲು ನೇರ ಬಿದ್ರೆ ಅವಸರಕ್ಕೆ ಹಣ್ಣಾಗತ್ತೆ, ಅದಕ್ಕೆ ಮೇಲೆ ಹಾಲುವಾಣ, ಸಿಲ್ವರ್ ಓಕ್, ಹಲಸು, ಅತ್ತಿ ಮರದ ನೆರಳು. ಮರಗಸಿ, ಅಂದ್ರೆ ಕೊಂಬೆ ಕಡಿಯೋದು, ಮಾಡೋದು ನೆರಳು ಹದಕ್ಕೆ ತರೋಕೆ, ಜಾಸ್ತಿ ಕಡಿದ್ರೂ ಕಷ್ಟ, ಬಿಟ್ರೂ ಕಷ್ಟ.

ಕೆಂಪು ಹಣ್ಣನ್ನ ಮಾತ್ರ ಕೊಯ್ಯಬೇಕು ಅನ್ನೋದು ಪುಸ್ತಕದ ಮಾತು. ಒಂದೇ ರೆಕ್ಕೇಲಿ, ಅಂದ್ರೆ ಕೊಂಬೇಲಿ, ಕೆಂಪು, ಹಳದಿ, ಹಸಿರು ಮೂರೂ ಇರತ್ತೆ. ಕೂಲಿ ಕೇಜಿ ಲೆಕ್ಕಕ್ಕೆ, ಜನ ಸಿಗಲ್ಲ, ಅಸ್ಸಾಮಿಂದ ಬಂದ ಹುಡುಗರು ಸಿಕ್ಕಿದಷ್ಟು ದಿನ ಸಿಕ್ಕಿದ್ರು. ಹಸಿರು ಕಾಯಿ ಸೇರಿದ್ರೆ ಕಾಫೀಲಿ ಹಸಿ ಹುಲ್ಲಿನ ಒಗರು ಬರತ್ತೆ ಅಂತ ಎಲ್ರಿಗೂ ಗೊತ್ತು. ಗೊತ್ತಿದ್ದು ಮಾಡೋದೇನು?

ಸಂಜೆ ಹಣ್ಣೆಲ್ಲ ನೀರಿನ ತೊಟ್ಟಿಗೆ. ಗಟ್ಟಿ ಹಣ್ಣು ಮುಳುಗತ್ತೆ, ಹುಳ ತಿಂದಿದ್ದು, ಗಿಡದಲ್ಲೇ ಒಣಗಿದ್ದು, ಒಳಗೆ ಕಾಳು ಕಟ್ಟದ ಜೊಳ್ಳು ಎಲ್ಲ ಮೇಲೆ ತೇಲತ್ತೆ, ಅದನ್ನ ಬುಟ್ಟೀಲಿ ಸೋಸಿ ಪಕ್ಕಕ್ಕೆ. ಮುಳುಗಿದ್ದು ಪಲ್ಪರಿಗೆ ಹೋಗಿ ಸಿಪ್ಪೆ ಬಿಟ್ಟು, ಲೋಳೆ ಮೆತ್ತಿದ ಬೀಜ ತೊಟ್ಟಿಗೆ ಬೀಳತ್ತೆ. ರಾತ್ರಿ ಪೂರ್ತಿ ಅಲ್ಲೇ ಹುಳಿ ಬರ್ಬೇಕು, ದೋಸೆ ಹಿಟ್ಟಿನ ಹಾಗೇನೇ, ಚಳಿ ಇದ್ರೆ ಇನ್ನೂ ಹೊತ್ತು. ಬೆಳಿಗ್ಗೆ ಐದೂವರೆಗೆ ಮಾವ ನನ್ನ ಎಬ್ಬಿಸಿ ಕರ್ಕೊಂಡು ಹೋದ್ರು. ಟಾರ್ಚ್ ಬೆಳಕಲ್ಲಿ ತೊಟ್ಟಿಗೆ ಕೈ ಇಳಿಸಿ ಒಂದು ಹಿಡಿ ಬೀಜ ತೆಗೆದು, ನೀರಲ್ಲಿ ಅದ್ದಿ, ಮುಷ್ಟೀಲಿ ಉಜ್ಜಿದ್ರು. ನನ್ನ ಕಿವಿ ಹತ್ರ ಹಿಡಿದು ಇನ್ನೊಂದ್ಸಲ ಉಜ್ಜಿದ್ರು. ಕರಕರ. ಜಲ್ಲಿ ಕಲ್ಲು ಉಜ್ಜಿದ ಶಬ್ದ. "ಜಾರಿದ್ರೆ ಇನ್ನೂ ಆಗ್ಲಿಲ್ಲ ಅಂತ. ಕರಕರ ಅಂದ್ರೆ ತೊಳೀಬೇಕು, ಈಗ್ಲೇ. ಒಂದೆರಡು ಗಂಟೆ ಉದಾಸೀನ ಮಾಡಿದ್ರೆ ವಾಸನೆ ಹಿಡೀತದೆ, ಅದು ಹುರಿದ್ರೂ ಹೋಗೂದಿಲ್ಲ." ಒಂದು ವರ್ಷದ ಬೆಳೆ ಆ ಒಂದು ಗಳಿಗೇಲಿ ನಿಂತಿರತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ, ನಾನು ಮುಲುಂಡಲ್ಲಿ ಟಿಡಿಎಸ್ ಮೀಟರ್ ಅದ್ದಿಕೊಂಡು ಕೂತಿದ್ದೆ.

ತೊಳೆದಿದ್ದು ಕಣಕ್ಕೆ ಬರತ್ತೆ, ಇದಕ್ಕೆ ಪಾರ್ಚ್‌ಮೆಂಟ್ ಅಂತಾರೆ, ಗಂಟೆಗೊಂದ್ಸಲ ಕೈಯಾಡ್ತಾ ವಾರ ಹತ್ತು ದಿನ ಒಣಗಿಸಿ ತೇವ ಹತ್ತು ಪರ್ಸೆಂಟಿನ ಹತ್ರ ತಂದು ಮೂಟೆ. ಮುಂಚೆ 1942ರಿಂದ 1996ರವರೆಗೂ ಕಾಫಿ ಬೋರ್ಡಿನ ಪೂಲ್ ಇತ್ತು, ಬೆಳೆದಿದ್ದನ್ನ ಬೋರ್ಡಿಗೇ ಕೊಡ್ಬೇಕು, ಮನೆ ಖರ್ಚಿಗೆ ಮತ್ತೆ ಬಿತ್ತನೆಗೆ ಸ್ವಲ್ಪ ಇಟ್ಕೊಳ್ಬಹುದು. ಅಲ್ಲಿ ಎಲ್ಲರದ್ದೂ ಸೇರಿ ಒಂದಾಗ್ತಿತ್ತು, ಯಾರ ತೋಟದ್ದು ಅಂತ ಗುರುತು ಉಳೀತಿರ್ಲಿಲ್ಲ. ನನ್ನ 600 ಚಿಲ್ಲರೆ ಪ್ಯಾಕೆಟ್ ಮೇಲೆ ಎಸ್ಟೇಟ್ ಹೆಸರಿರೋದು ಪೂಲ್ ಹೋದ್ಮೇಲಿನ ಭಾಗ್ಯ.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ಮೂರನೇ ದಿನ ಹೊರಡೋ ಮುಂಚೆ ನಾನೇ ಬಾಯಿಬಿಟ್ಟು ಕೇಳ್ದೆ, "ಮಾವ, ಅಜ್ಜಿ ಮಾಡ್ತಿದ್ರಲ್ಲ ಪುಡಿ, ಅದೇ ಬೀಜ ಒಂದೆರಡು ಕೇಜಿ ಕೊಡ್ತೀರಾ, ಈ ಪಾರ್ಚ್‌ಮೆಂಟಿಂದೇ ಕೊಡಿ." ಮಾವ ಅತ್ತೆ ಮುಖ ನೋಡಿದ್ರು, ಅತ್ತೆ ಅಮ್ಮನ ಮುಖ ನೋಡಿದ್ರು, ಮೂರೂ ಜನ ನಗೋಕೆ ಶುರು.

"ಪಾರ್ಚ್‌ಮೆಂಟ್ ನಾವು ಯಾವಾಗ ಕುಡಿದಿದೀವಿ ಮಾರಾಯ್ತಿ? ಅದು ಮಾರೂಕೆ."

ಹಿಂದಿನ ಕೋಣೆ ಬಾಗಿಲು ತೆಗೆದು ತೋರಿಸಿದ್ರು. ಮೂಲೇಲಿ ಮೂರು ಹಳೇ ಗೋಣಿ. ಒಂದರಲ್ಲಿ ನೆಲಕ್ಕೆ ಉದುರಿದ ಹಣ್ಣು, ಮಳೆ ನೆಂದು ಮಣ್ಣು ಹಿಡಿದು, ಕೊಯ್ಲೆಲ್ಲ ಮುಗಿದ್ಮೇಲೆ ಆರಿಸಿದ್ದು. ಇನ್ನೊಂದರಲ್ಲಿ ತೊಟ್ಟಿ ಮೇಲೆ ತೇಲಿದ್ದು. ಮತ್ತೊಂದರಲ್ಲಿ ಗೇರಿದ ಮೇಲೆ ಉಳಿದ ಒಡಕಲು, ಕಪ್ಪು ಬೀಜ. ವ್ಯಾಪಾರದಲ್ಲಿ ಇದಕ್ಕೆ ಬಿಬಿಬಿ ಅಂತಾರೆ, ಬ್ಲ್ಯಾಕ್ಸ್, ಬ್ರೌನ್ಸ್, ಬಿಟ್ಸ್. ಅಜ್ಜಿ ಕಾಲದಲ್ಲಿ ಇದನ್ನೆಲ್ಲ ಸಗಣಿ ಸಾರಿಸಿದ ಅಂಗಳದಲ್ಲಿ ಒಣಗಿಸಿ, ಸೌದೆ ಒಲೆ ಮೇಲೆ ಕಬ್ಬಿಣದ ಬಾಣಲೇಲಿ ಕಪ್ಪಗೆ ಎಣ್ಣೆ ಬಿಡೋವರೆಗೂ ಹುರೀತಿದ್ರಂತೆ. ಯಾಕೆ ಅಷ್ಟು ಕಪ್ಪಗೆ ಅಂದ್ರೆ, ಇನ್ನೇನು ಮಾಡೋದು, ಮಣ್ಣಿನ ವಾಸನೆ, ಬೂಷ್ಟಿನ ವಾಸನೆ ಎಲ್ಲ ಹೊಗೇಲಿ ಮುಚ್ಚಿ ಹೋಗ್ಬೇಕಲ್ಲ. ಇಳಿಸೋ ಮುಂಚೆ ಒಂದು ಚೂರು ಬೆಲ್ಲ.

ಅಂದ್ರೆ ನಾನು ಇಪ್ಪತ್ತು ವರ್ಷ ಹುಡುಕಿದ್ದು ಇದನ್ನ. ಕಾಫಿ ಪರೀಕ್ಷಕರು ಟೇಬಲ್ ಮೇಲೆ ಚಮಚದಲ್ಲಿ ಹೀರಿ ಒಂದೊಂದಕ್ಕೂ ಅಂಕ ಕಳೆಯೋ ದೋಷಗಳು, ಉದುರಿದ್ದು, ತೇಲಿದ್ದು, ಒಡಕಲು, ಹೊಗೆ, ಮಣ್ಣು, ಎಲ್ಲ ಸೇರಿ ನನ್ನ ಬಾಲ್ಯದ ಅಮೃತ. ಒಳ್ಳೇ ಬೀಜ ತಂದಷ್ಟೂ ನಾನು ಅದರಿಂದ ದೂರ ಹೋಗ್ತಿದ್ದೆ!

ಮೊದಲು ಅವಮಾನ ಅನ್ಸ್ತು, ರೈಲಲ್ಲಿ ವಾಪಸ್ ಬರ್ತಾ ಕುಂದಾಪುರ ದಾಟೋ ಹೊತ್ತಿಗೆ ಮಾನ್ಸೂನ್ಡ್ ಮಲಬಾರ್ ಅನ್ನೋ ಕಾಫಿ ನೆನಪಾಯ್ತು, ಸ್ವಲ್ಪ ಸಮಾಧಾನ ಆಯ್ತು. ಅದರ ಕತೆ ಹೀಗೆ. ಹಾಯಿ ಹಡಗಿನ ಕಾಲದಲ್ಲಿ ಮಲಬಾರ್ ಕರಾವಳಿಯಿಂದ ಹೊರಟ ಕಾಫಿ ಆಫ್ರಿಕಾ ಸುತ್ತಿ ಯುರೋಪ್ ಮುಟ್ಟೋಕೆ ತಿಂಗಳುಗಟ್ಟಲೆ ಹಿಡೀತಿತ್ತು. ಹಡಗಿನ ಹೊಟ್ಟೇಲಿ ಸಮುದ್ರದ ತೇವ ಕುಡಿದು ಬೀಜ ಊದಿ, ಹಸಿರು ಹೋಗಿ ಮಾಸಲು ಹಳದಿ ಆಗಿ, ಹುಳಿ ಎಲ್ಲ ಸತ್ತು ಇಳೀತಿತ್ತು. ಕೆಟ್ಟ ಸರಕು ಅಂತಲೇ ಹೇಳ್ಬೇಕು. ಆದ್ರೆ ಅಲ್ಲಿಯೋರ ನಾಲಿಗೆ ಅದಕ್ಕೇ ಒಗ್ಗಿತ್ತು. 1869ರಲ್ಲಿ ಸುಯೆಜ್ ಕಾಲುವೆ ತೆರೀತು, ಉಗಿ ಹಡಗು ಬಂತು, ಕಾಫಿ ಬೇಗ ಬೇಗ, ತಾಜಾ ತಾಜಾ ಹೋಗಿ ಮುಟ್ಟಿತು, ಅವರು ಮುಖ ಸಿಂಡರಿಸಿದ್ರು, ಇದಲ್ಲ ನಮ್ಮ ಕಾಫಿ ಅಂದ್ರು. ಆಮೇಲೆ ಇಲ್ಲಿಯೋರು ಬೇಕಂತಲೇ ಕೆಡಿಸೋದು ಕಲಿತ್ರು. ಇವತ್ತಿಗೂ ಮಂಗಳೂರಿನ ಕಡೆ ಕ್ಯೂರಿಂಗ್ ವರ್ಕ್ಸಲ್ಲಿ, ಅಂದ್ರೆ ಕಾಫಿ ಹದ ಮಾಡೋ ಕಾರ್ಖಾನೇಲಿ, ಜೂನಿಂದ ಸೆಪ್ಟೆಂಬರವರೆಗೆ ಗಾಳಿ ಆಡೋ ಗೋಡೌನಲ್ಲಿ ಬೀಜ ಹರವಿ, ಕೈಯಾಡಿ, ಸಡಿಲವಾಗಿ ಗೋಣಿಗೆ ತುಂಬಿ ಸಾಲಾಗಿಟ್ಟು, ಮಳೆಗಾಳಿ ಕುಡಿಸ್ತಾರೆ. ಅದಕ್ಕೆ ಭೌಗೋಳಿಕ ಸೂಚಿ (ಜಿಐ), ಅಂದ್ರೆ ಇದು ಈ ಪ್ರದೇಶದ್ದೇ ಅನ್ನೋ ಗುರುತು ಕೂಡ ಸಿಕ್ಕಿದೆ. ಮುಲುಂಡಲ್ಲಿ ನನ್ನ ಡಬ್ಬ ಹಾಳು ಮಾಡಿದ ಅದೇ ಗಾಳಿ, ನಾಲ್ಕು ತಿಂಗಳು ಕೂಲಿ ಇಲ್ಲದೆ ದುಡಿಯತ್ತೆ ಅಲ್ಲಿ.

ಒಂದು ವ್ಯತ್ಯಾಸ ಇದೆ, ಅದನ್ನ ಮುಚ್ಚಿಡ್ಬಾರ್ದು. ಮಾನ್ಸೂನ್ಡ್ ಕಾಫಿಗೆ ಹಾಕೋದು ಆರಿಸಿದ ಒಳ್ಳೇ ಬೀಜ. ಅಜ್ಜಿ ಹುರಿದಿದ್ದು ಬೇರೆ ಏನೂ ಉಳೀದೇ ಇದ್ದಾಗ ಉಳಿದಿದ್ದು. ಬೆಳೆದೋರ ಮನೆಗೆ ಜೊಳ್ಳು, ಕೊಳ್ಳೋರ ಮನೆಗೆ ಕಾಳು, ಭತ್ತದಲ್ಲೂ ಇದೇ ಕತೆ, ಅಡಿಕೇಲೂ ಇದೇ. ಅಮ್ಮನ್ನ ಕೇಳ್ದೆ, ಒಂದ್ಸಲಾನೂ ಒಳ್ಳೇ ಬೀಜ ಹುರೀಬೇಕು ಅನ್ಸ್ಲಿಲ್ವಾ ಅಜ್ಜಿಗೆ ಅಂತ. "ಅದು ಮೂಟೆ ಕಟ್ಟಿ ಹೋಗೂದನ್ನ ನೋಡಿದ್ದೇ ಹೊರತು ಅದು ಕುಡಿಯೂ ವಸ್ತು ಅಂತ ಅಮ್ಮಂಗೆ ಅನ್ಸಿರೂದೇ ಅನುಮಾನ" ಅಂದು ಕಿಟಕಿ ಕಡೆ ತಿರುಗಿದ್ಲು. ಊರ ಕಡೆ ಹೋಗಿ ಬಂದ್ರೆ ಒಂದು ವಾರ ಅವಳ ಮಾತು ಹಾಗೇ ಇರತ್ತೆ.

ಮಾವ ಎರಡು ಕೇಜಿ ಕಟ್ಟಿಕೊಟ್ಟಿದ್ರು, ಮೂರೂ ಗೋಣಿಯಿಂದ ಒಂದೊಂದು ಪಾಲು. ಜೊತೆಗೆ ಬೇಡ ಅಂದ್ರೂ ಒಂದು ಕೇಜಿ ಪಾರ್ಚ್‌ಮೆಂಟು, ಸಿಪ್ಪೆ ಗೇರಿಸಿ.

ಪಾರ್ಚ್‌ಮೆಂಟನ್ನ ಮೊದಲು ಹುರಿದೆ, ಅಳತೆ ಮಾಡಿ, ಟೈಮರ್ ಇಟ್ಟು. ಹಸಿ ಬೀಜಕ್ಕೆ ಕಾಫಿ ವಾಸನೆ ಇರಲ್ಲ, ಹಸಿ ಬಟಾಣಿ ಥರ ಇರತ್ತೆ. ಬಿಸಿ ಏರಿದ ಹಾಗೆ ಹಳದಿ, ರೊಟ್ಟಿ ಸುಡೋ ವಾಸನೆ, ಆಮೇಲೆ ಕಂದು, 200 ಡಿಗ್ರಿ ಹತ್ರ ಬಂದಾಗ ಒಳಗಿನ ಆವಿ ತಡೀಲಾರದೆ ಪಟಪಟ ಸಿಡಿಯತ್ತೆ, ಇಷ್ಟೊತ್ತಿಗೆ ಸಕ್ಕರೆ ಪ್ರೋಟೀನು ಬೆರೆತು ನೂರಾರು ಪರಿಮಳ ಹುಟ್ಟಿರತ್ತೆ. ಮೊದಲ ಸಿಡಿತ ನಿಂತ ಸ್ವಲ್ಪ ಹೊತ್ತಿಗೆ ಇಳಿಸಿ ಮರದ ಮೊರದಲ್ಲಿ ಕೇರಿ ಆರಿಸಿದೆ. ಕಾಲು ಕೇಜಿ ಹಾಕಿದ್ದು 210 ಗ್ರಾಂ ಆಗಿತ್ತು, ಉಳಿದಿದ್ದು ನೀರು, ಹೊಟ್ಟು, ಹೊಗೆ. ಮಾರನೇ ದಿನ ಹಾಲಿಲ್ಲದೆ ಮಾಡಿ ಕುಡಿದ್ವಿ. ಹಗುರ, ಕೊನೇಲಿ ಹುಣಸೆ ಬೆಲ್ಲದ ಹಾಗೆ ಒಂದು ಎಳೆ. ಮಾವನಿಗೆ ಫೋನ್ ಮಾಡಿ ಹೇಳ್ದೆ, ನಿಮ್ಮ ಕಾಫೀಲಿ ಹುಣಸೆ ಬೆಲ್ಲ ಇದೆ ಅಂತ. ಎಪ್ಪತ್ತು ವರ್ಷದ ಮನುಷ್ಯ, ಒಂದು ಕ್ಷಣ ಮಾತೇ ಇಲ್ಲ ಆ ಕಡೆಯಿಂದ. ಆಮೇಲೆ "ಹೌದನಾ?" ಅಂದ್ರು. ಮುಂದಿನ ವರ್ಷ ಒಂದು ಕೇಜಿ ಮನೆಗೂ ಇಟ್ಕೊಳ್ತೀನಿ ಅಂದ್ರು.

ಆಮೇಲಿನ ಭಾನುವಾರ ಗೋಣಿ ಮಾಲು. ಅಮ್ಮನೇ ಕೂತ್ಲು, ನನ್ನ ಟೈಮರ್ ತೆಗೆದು ಆಚೆ ಇಟ್ಲು. ಕಬ್ಬಿಣದ ಬಾಣಲೆ, ಏಳನೇ ಮಹಡಿ ಅಡುಗೆಮನೆ, ಚಿಮಣಿ ಫುಲ್ ಸ್ಪೀಡು. ಒಡಕಲು ಚೂರುಗಳು ಮೊದಲೇ ಕಪ್ಪಾದ್ವು, ದೊಡ್ಡವು ಇನ್ನೂ ಹಳದಿ, ಅಮ್ಮ ಸೌಟು ನಿಲ್ಲಿಸ್ಲಿಲ್ಲ. ಮೊದಲ ಸಿಡಿತ ಆಯ್ತು, ಎರಡನೇದು ಶುರುವಾಯ್ತು, ಎಣ್ಣೆ ಮಿಂಚೋಕೆ ಶುರುವಾಯ್ತು, ನೀಲಿ ಹೊಗೆ ನಡುಮನೆಗೆ ಬಂತು, ಇವರು ಕೆಮ್ಮಿಕೊಂಡು ಬಾಲ್ಕನಿಗೆ ಹೋದ್ರು. ಎದುರು ಫ್ಲ್ಯಾಟಿನ ಕಾಕು ಬೆಲ್ ಮಾಡಿದ್ರು, "ಕಾಯ್ ಜಳಾಲಂ?"

ಮೂವತ್ತು ವರ್ಷ ಆದ್ಮೇಲೆ, ಏನು ಸುಟ್ಟೋಯ್ತು ಅನ್ನೋ ಅದೇ ಪ್ರಶ್ನೆ, ಬೇರೆ ಕಾಕು. ಒಳಗೆ ಕರೆದು ಕೂರಿಸಿದ್ವಿ. ಬೆಲ್ಲದ ಚೂರು ಬಿತ್ತು, ಚುಂಯ್ ಅಂತು, ಅಮ್ಮ ಇಳಿಸಿದ್ಲು. ಒಂದಿಷ್ಟನ್ನ ಬಿಸಿ ಆರೋಕೂ ಬಿಡದೆ ಪುಡಿ ಮಾಡಿ ಫಿಲ್ಟರಿಗೆ ಹಾಕಿ, ಒತ್ತುಬಿಲ್ಲೆ ಇಟ್ಟು, ನೀರು ಹೊಯ್ದು, ಹನಿ ಬೀಳ್ತಾ ಇಲ್ಲ ಅಂತ ಚಮಚದಲ್ಲಿ ಫಿಲ್ಟರ್ ಪಕ್ಕೆಗೆ ನಾಲ್ಕು ತಟ್ಟಿ, ಹಾಲು ಕಾಯಿಸಿ, ನಾಲ್ಕು ಲೋಟಕ್ಕೆ ಎತ್ತಿ ಹೊಯ್ದೆ. ಮೊದಲ ಗುಟುಕಿಗೆ ನನ್ನ ಗಂಟಲು ಕಟ್ಟಿತು, ಹೌದು ಇದೇ, ಇದೇ ಇದೇ ಅಂತ ಅಮ್ಮನ ಕಡೆ ನೋಡಿದೆ. ಕಾಕು ಬಹಳ ಮರ್ಯಾದೆಯಿಂದ ಇನ್ನೊಂದು ಚಮಚ ಸಕ್ಕರೆ ಕೇಳಿದ್ರು.

ಅಮ್ಮ ಲೋಟ ಅಲ್ಲಾಡಿಸಿ, ಇನ್ನೊಂದು ಗುಟುಕು ಕುಡಿದು, ತಲೆ ಆಡಿಸಿದ್ಲು.

"ಹೊಗೆ ಸಾಲದು" ಅಂದ್ಲು. "ಗ್ಯಾಸಲ್ಲಿ ಇಷ್ಟೇ ಆಗೂದು."